ಆರಾಮ ಅದೀನ್ರಿ

ಅಸಂಗಿ, ಜತ್ತ ತಾಲೂಕು
3 ಡಿಸೆಂಬರ್ 2009

ಪ್ರೀತಿಯ ತಂಗಿ ಸುಲತಾನಾಳಿಗೆ ಅಕ್ಕ ರಹಿಮಾಳ ಸಲಾಮ್.

ನನ್ನ ಮಗಳು ನಸ್ರೀನಳ ನಲವತ್ತನೆಯ ದಿನದ ಫಾತಿಹಾ ಮುಗಿಸಿ ನೀನು ವಿಜಾಪುರಕ್ಕೆ ಹೋದ ಮೇಲೆ ಇದೇ ಮೊದಲ ಪತ್ರ. ತಡವಾಯಿತೆಂದು ಸಿಟ್ಟಾಗಬೇಡ. ಸೂಜಿಗೆ ದಾರ ಪೋಣಿಸಲೂ ಈಗ ಕೈ ಬಾರದು. ಬಂದ ಬಟ್ಟೆಯನ್ನೆಲ್ಲ ನಿನ್ನ ಭಾವನೇ ಹೊಲಿಯುತ್ತಾರೆ. ನಿನ್ನ ಪುಟ್ಟ ತೌಫೀಕನಿಗೆ ಹಲ್ಲು ಬಂದವೇ?

ನಸ್ರೀನಳಿಗೆ ಏನಾಯಿತೆಂದು ನೀನು ಕೇಳಿದ್ದೆ. ಆಗ ಹೇಳಲಾಗಲಿಲ್ಲ.

ಸಕ್ಕರೆ ಕಾಯಿಲೆಯ ಮಕ್ಕಳಿಗೆಂದು ಇಲ್ಲಿಯ ದವಾಖಾನೆಯೊಂದಕ್ಕೆ ಮಾತಾಡುವ ಯಂತ್ರದ ಗೊಂಬೆ ತಂದಿದ್ದರು. ಹೊರದೇಶದ ಮಕ್ಕಳು ಅದರ ಜೊತೆ ಹೇಗಿರುತ್ತಾರೆ, ನಮ್ಮವರು ಹೇಗಿರುತ್ತಾರೆ ಎಂದು ನೋಡುವುದು ಪುಣೆಯಿಂದ ಬಂದ ಮೇಡಂ ಕೆಲಸ. ಅವರಿಗೆ ಕನ್ನಡ ಬಾರದು, ನಮ್ಮೊಡನೆ ಮರಾಠಿಯಲ್ಲೇ ಮಾತು. ಗೊಂಬೆಗೆ ಮಾತ್ರ ಯಾರಿಂದಲೋ ಕನ್ನಡ ತುಂಬಿಸಿದ್ದರು. ಹೊರದೇಶದ ಹುಡುಗನೊಬ್ಬನ ವಿಡಿಯೋ ತೋರಿಸಿದರು. ಗೊಂಬೆ 'ಹೇಗಿದ್ದೀಯಾ' ಎಂದರೆ ಅವನು ಅದರ ತಲೆಗೆ ಹೊಡೆದು, ನನಗೆ ನೋಯುತ್ತಿದೆ ಎಂದು ಕಿರುಚುತ್ತಾನೆ. ನಮ್ಮ ನಸ್ರೀನ ದುಪಟ್ಟಾ ಸರಿಮಾಡಿಕೊಂಡು, ಕೈಕಟ್ಟಿ, "ಆರಾಮ ಅದೀನ್ರಿ" ಎಂದಳು. ಮನೆಗೆ ಬಂದ ಹಿರಿಯರಿಗೆ ಹೇಳುವ ಹಾಗೆ. ಹೋದಾಗಲೆಲ್ಲ ಅದೇ ಉತ್ತರ. ಎಷ್ಟು ಸಭ್ಯ ಹುಡುಗಿ ಎಂದು ಮೇಡಂಗೆ ಖುಷಿ.

ಆ ಶುಕ್ರವಾರ ಅವಳ ವಾಂತಿ ನಿಲ್ಲಲಿಲ್ಲ. ಎತ್ತಿಕೊಂಡು ದವಾಖಾನೆಗೆ ಓಡಿದೆ. ಡಾಕ್ಟರು ಅವಳು ಗೊಂಬೆಗೆ ಕೊಟ್ಟ ಉತ್ತರವನ್ನು ಕಂಪ್ಯೂಟರಿನಲ್ಲಿ ನೋಡಿ, "ನಿನ್ನೀನ ಆರಾಮ ಅದೀನಿ ಅಂದಾಳಲ್ಲ? ಏನರ ತಿಂದಿರಬೇಕು. ಮನಿಗಿ ಕರ್ಕೊಂಡು ಹೋಗ್ರಿ" ಎಂದರು.

"ಅದು ಗೊಂಬಿ ರೀ. ನಾ ತಾಯಿ ಹೇಳಾಕತ್ತೀನಿ."

ಅವರು ಮುಂದಿನವರನ್ನು ಕರೆದರು.

ಮಧ್ಯಾಹ್ನ ಉಸಿರು ಏರಿತು. ಸಾಂಗಲಿಗೆ ಹೊರಟ ಜೀಪಿನಲ್ಲಿ, ನನ್ನ ತೊಡೆಯ ಮೇಲೆಯೇ ಹೋದಳು. ನಿನ್ನ ಭಾವನಿಗೆ ಗೊತ್ತಾಗಲಿಲ್ಲ. ಡ್ರೈವರನಿಗೆ "ಲಗೂನ ನಡಿಯಪಾ" ಅನ್ನುತ್ತಲೇ ಇದ್ದರು. ನಾನು ಬಾಯಿ ಬಿಡಲಿಲ್ಲ.

ನನ್ನದು ಇರಲಿ. ಅಲ್ಲಾಹ ನಿನ್ನ ಮಕ್ಕಳ ಆಯುಷ್ಯ ಹೆಚ್ಚಿಸಲಿ, ನಿನ್ನ ಮಡಿಲು ತುಂಬಿರಲಿ.

ನಿನ್ನ ಅಕ್ಕ,
ರಹಿಮಾ

ಮತ್ತೊಂದು ಮಾತು: ಮೊನ್ನೆ ಮೇಡಂ ಮನೆಗೆ ಬಂದು ಒಂದು ವಿಡಿಯೋ ತೋರಿಸಿದರು. ನಸ್ರೀನ ಹೋಗುವ ಹಿಂದಿನ ದಿನದ್ದು. ಗೊಂಬೆಯನ್ನು ಬಂದ್ ಮಾಡಿ ಎಲ್ಲರೂ ಹೊರಗೆ ಹೋಗಿದ್ದಾರೆ. ಕ್ಯಾಮೆರಾ ಹಾಗೆಯೇ ನಡೆದಿದೆ. ಇವಳು ಸುತ್ತ ನೋಡಿ, ಅದರ ಕಿವಿಗೆ ಬಾಯಿಟ್ಟು, "ಹೊಟ್ಟಿ ಭಾಳ ನೋಯಾಕತ್ತೈತಿ. ಅಮ್ಮೀಗಿ ಹೇಳಬ್ಯಾಡ, ಅಳ್ತಾಳ" ಅನ್ನುತ್ತಾಳೆ. ಮೇಡಂ ಮುಗುಳ್ನಕ್ಕು, "ಹೊರದೇಶದ ಮಕ್ಕಳು ಹೀಗೆ ಗುಟ್ಟು ಹೇಳುವುದಿಲ್ಲ. ಏನನ್ನುತ್ತಿದ್ದಾಳೆ?" ಎಂದು ಮರಾಠಿಯಲ್ಲಿ ಕೇಳಿದರು. ಹೇಳಿದೆ. ಅವರ ನಗು ಹೋಯಿತು. ಬರೆದುಕೊಳ್ಳಲು ಪೆನ್ನು ತೆಗೆದು, "ಇನ್ನೊಮ್ಮೆ ಹೇಳಿ, ಸಾವಕಾಶ" ಎಂದರು.

ಇನ್ನೊಮ್ಮೆ ಹೇಳಿದೆ, ಸುಲತಾನಾ.