ಮೂರು ಎಚ್‌ಪಿ, ಬಟ್ಟೆ ಚೀಲ

ಭಾನುವಾರ, ಮಾರ್ಚ್ 1

ಅಕ್ಕ ಈ ವಾರವೂ ಬರಲಿಲ್ಲ. ತಿಳಿಸಿದ್ದು ಭಾವ, ಬೆಳಿಗ್ಗೆ ಫೋನಿನಲ್ಲಿ. "ಕೆಮ್ಮು ಕಣಮ್ಮ. ಮರದ ಧೂಳಿನ ಹತ್ತಿರ ಸುಳೀಬಾರದು ಅಂದಿದಾರೆ ಡಾಕ್ಟರು." ಸರಿ ಅಂದೆ.

ಶೆಡ್ಡಿನಲ್ಲಿ ಒಬ್ಬಳೇ. ಕಾರು ಮಾರಿದ ಮೇಲೆ ಕಾರ್‌ಶೆಡ್ ನಮ್ಮಿಬ್ಬರದಾಯಿತು. ನಾನು ಅಳೆದು ಕೊಯ್ಯೋದು, ಅಕ್ಕ ಉಜ್ಜೋದು. ಎಷ್ಟೋ ವರ್ಷದಿಂದ ಭಾನುವಾರ ಅಂದರೆ ಇದೇ. ಈಗ ಕೈಯಲ್ಲಿರೋದು ಅಕ್ಕನ ಮಗಳ ಹೊಸ ಮನೆಗೆ ಊಟದ ಮೇಜು. ಕಾಲು ಮುಗಿದಿವೆ. ಮೇಲಿನ ಹಲಗೆ ಉಜ್ಜಬೇಕು.

ಸಂಜೆ ಹೇಗಿದ್ದಾಳೋ ಕೇಳೋಣ ಅಂತ ಫೋನ್ ಮಾಡಿದೆ. ಹಿಂದೆ ಗುಯ್ ಅನ್ನೋ ಸದ್ದು. ಮರ ಉಜ್ಜೋ ಸ್ಯಾಂಡರ್ ಸದ್ದು ನನಗೆ ಗೊತ್ತಾಗಲ್ವ?

"ಎಲ್ಲಿದೀಯ?"

"ಡೆಂಟಿಸ್ಟಮ್ಮನ ಮನೇಲಿ. ಇಲ್ಲಿ ಧೂಳೇ ಇಲ್ಲ ಕಣೇ, ಬಂದು ನೋಡು."

ಡೆಂಟಿಸ್ಟಮ್ಮ, ಅಕ್ಕನ ಬೀದಿಯ ಹಲ್ಲಿನ ಡಾಕ್ಟರು. ಹೋದ ವರ್ಷ ಅಕ್ಕನ ದವಡೆ ಹಲ್ಲು ಕಿತ್ತರು. ಈ ವರ್ಷ ಅಕ್ಕನನ್ನೇ.

ಭಾವ ಸುಳ್ಳು ಹೇಳಲಿಲ್ಲ. ಅರ್ಧ ಹೇಳಿದರು. ಇಷ್ಟು ವರ್ಷ ಪತ್ರಿಕೆ ಡೆಸ್ಕಿನಲ್ಲಿ ಕೂತವಳಿಗೆ ವ್ಯತ್ಯಾಸ ಗೊತ್ತು.

ಬುಧವಾರ, ಮಾರ್ಚ್ 4

ಹೋಗಿ ನೋಡಿದೆ. ನೋಡಬಾರದಿತ್ತು.

ಡೆಂಟಿಸ್ಟಮ್ಮನ ಶೆಡ್ಡಿನ ಮೂಲೆಯಲ್ಲಿ ಧೂಳು ಎಳೆಯೋ ಮೆಷಿನ್, ಆಳುದ್ದ ಸೈಕ್ಲೋನ್. ಗಾಳಿ ಅದರೊಳಗೆ ಗಿರಗಿರ ಸುತ್ತಿ ಹೊಟ್ಟು ಕೆಳಗಿನ ಡ್ರಮ್ಮಿಗೆ ಬೀಳುತ್ತೆ. ನುಣ್ಣನೆ ಧೂಳು ಫಿಲ್ಟರಿನಲ್ಲಿ ನಿಲ್ಲುತ್ತೆ. ಗೋಡೆಯುದ್ದಕ್ಕೂ ದಪ್ಪ ಪೈಪು, ಪ್ರತಿ ಮೆಷಿನ್ನಿಗೂ ಒಂದು ಕವಲು. ಕಿಟಕಿ ಮುಚ್ಚೇ ಇತ್ತು, ಆದರೂ ಮೂಗಿಗೆ ಏನೂ ತಾಗಲಿಲ್ಲ.

"ಧೂಳನ್ನ ಹುಟ್ಟಿದ ಕಡೇನೇ ಹಿಡೀಬೇಕು" ಅಂದರು ಡೆಂಟಿಸ್ಟಮ್ಮ. "ಹಲ್ಲು ಕೊರೆಯೋವಾಗ ನೀರೆಳೆಯೋ ಕೊಳವೆ ಬಾಯೊಳಗೇ ಇಡ್ತೀನಲ್ಲ, ಕುರ್ಚಿ ಪಕ್ಕದಲ್ಲಿ ಅಲ್ಲವಲ್ಲ."

"ಇವಳು ಏನು ಮಾಡ್ತಿದ್ಲು ಗೊತ್ತಾ? ಟೇಬಲ್ ಫ್ಯಾನ್ ಇಟ್ಟು ಕಿಟಕಿ ತೆಗೀತಿದ್ಲು" ಅಂದಳು ಅಕ್ಕ. ಇಬ್ಬರೂ ನಕ್ಕರು. ನಾನೂ ನಕ್ಕೆ... ಹಲ್ಲು ತೋರಿಸಿದೆ ಅಷ್ಟೆ. ಅವರಿಗೆ ಹಲ್ಲು ನೋಡಿ ಅಭ್ಯಾಸ.

ಬಾಗಿಲ ಹಿಂದೆ ಎರಡು ಮೊಳೆ. ಒಂದರಲ್ಲಿ ಅವರ ಏಪ್ರನ್. ಇನ್ನೊಂದರಲ್ಲಿ ಅಕ್ಕನದು. ನಾನು ಹೊಲಿದುಕೊಟ್ಟದ್ದು.

ಶನಿವಾರ, ಮಾರ್ಚ್ 7

ಅಕ್ಕನ ಫೋನ್. "ಹಲಗೇನ ಇಲ್ಲಿಗೇ ತಂದುಬಿಡೇ. ಮೂವರೂ ಸೇರಿದ್ರೆ ಒಂದೇ ದಿನದ ಕೆಲಸ."

ಮೂವರೂ.

"ಬೇಡ. ಹದಿನೈದನೇ ತಾರೀಖು ಭಾನುವಾರ ನೀನೇ ಬಾ. ನಮ್ಮಲ್ಲೂ ಮೆಷಿನ್ ಬರ್ತಿದೆ."

ಬರ್ತಿರಲಿಲ್ಲ. ಬಾಯಿಂದ ಬಿತ್ತು, ಇನ್ನು ತರಲೇಬೇಕು.

ಸೋಮವಾರ, ಮಾರ್ಚ್ 9

ಆಫೀಸಿಗೆ ಅರ್ಧ ದಿನ ರಜೆ. ಮೆಷಿನ್ ಅಂಗಡಿ. ಅಂಗಡಿಯವರು ಸಾವಧಾನದ ಮನುಷ್ಯ, ಎಲ್ಲ ಬಿಡಿಸಿ ಹೇಳಿದರು. ಉರುಳೋ ವ್ಯಾಕ್ಯೂಮ್—ಒಂದು ಸ್ಯಾಂಡರಿಗೆ ಸಾಕು, ಗರಗಸದ ಮೆಷಿನ್ನಿಗೆ ಸಾಲದು. ಸೈಕ್ಲೋನ್—ನನ್ನ ಶೆಡ್ಡಿನ ಸೂರು ತಗ್ಗು, ನಿಲ್ಲಲ್ಲ. ಉಳಿದದ್ದು ಚೀಲದ್ದು: ಕೆಳಗಿನ ಚೀಲಕ್ಕೆ ಹೊಟ್ಟು ಬೀಳುತ್ತೆ, ಮೇಲಿನ ಚೀಲದಿಂದ ಗಾಳಿ ಹೊರಗೆ ಬರುತ್ತೆ.

"ಮನೇಲಿ ಯಾರಿಗಾದ್ರೂ ಉಬ್ಬಸ, ಕೆಮ್ಮು?"

"ಅಕ್ಕನಿಗೆ."

"ಹಾಗಾದ್ರೆ ಮೇಲೆ ಬಟ್ಟೆ ಚೀಲ ಬೇಡ ಮೇಡಂ, ನುಣ್ಣನೆ ಧೂಳು ತೂರಿ ಬರುತ್ತೆ. ಮಡಿಕೆ ಮಡಿಕೆಯ ಫಿಲ್ಟರ್ ಹಾಕಿಸಿ. ತರಿಸ್ಬೇಕು, ಮೂರು ವಾರ ಆಗುತ್ತೆ."

"ಈ ವಾರ ಯಾವುದು ಸಿಗುತ್ತೆ?"

"ಬಟ್ಟೆದು. ಈಗಲೇ ಒಯ್ಯಿರಿ."

"ಮೋಟರ್ ಎಷ್ಟು ಎಚ್‌ಪಿ?"

"ಎರಡರದ್ದೂ ಇದೆ, ಮೂರರದ್ದೂ ಇದೆ. ಒಂದು ಕಾರ್‌ಶೆಡ್ಡಿಗೆ ಎರಡು ಧಾರಾಳ."

ಡೆಂಟಿಸ್ಟಮ್ಮನದು ಎರಡು. ಮೂರರದ್ದೇ ಕೊಡಿ ಅಂದೆ.

"ಆನೆ ತಗೊಂಡು ಅಂಕುಶ ಬೇಡ ಅಂತೀರಲ್ಲ" ಅಂದರು, ಬಿಲ್ ಬರೀತಾ.

ಮನೆಯಲ್ಲಿ ಇವರು ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇದು ಧೂಳು ಎಳೆಯೋಕೋ, ನಿಮ್ಮಕ್ಕನ್ನ ಎಳೆಯೋಕೋ?"

ಕತ್ತರಿ ಕೊಡಿ ಅಂದೆ.

ಶುಕ್ರವಾರ, ಮಾರ್ಚ್ 13

ಎಲೆಕ್ಟ್ರಿಷಿಯನ್ ಬಂದು ಲೈನ್ ಎಳೆದುಕೊಟ್ಟ. ಚಾಲು ಮಾಡಿದೆ. ಎರಡು ಚೀಲವೂ ದಿಮ್ಮನೆ ಎದ್ದು ನಿಂತವು. ಹಳೇ ತುಂಡೊಂದನ್ನ ಕೊಯ್ದೆ—ಕೆಳಗೆ ಒಂದು ಚೂರು ಹೊಟ್ಟಿಲ್ಲ. ನೆಲ ಬರಿಗೈಯಲ್ಲಿ ಸವರಿ ನೋಡಿದೆ. ಸ್ವಚ್ಛ.

ಬಾಗಿಲ ಹಿಂದೆ ಒಂದು ಮೊಳೆ ಹೊಡೆದೆ.

ಭಾನುವಾರ, ಮಾರ್ಚ್ 15

ಅಕ್ಕ ಬಂದಳು. ಹತ್ತಕ್ಕೆ. ಏಪ್ರನ್ ಹಿಡಿದುಕೊಂಡೇ ಬಂದಳು.

"ಅಯ್ಯೋ, ನೆಲದ ಮೇಲೆ ಎಲೆ ಹಾಕಿ ಉಣ್ಣಬಹುದಲ್ಲೇ" ಅಂದಳು. ಇಡೀ ವಾರ ಕಾದದ್ದು ಈ ಮಾತಿಗೆ.

ಡೆಂಟಿಸ್ಟಮ್ಮನ ಶೆಡ್ಡಿನಲ್ಲಿ ಕಿಟಕಿ ಮುಚ್ಚಿತ್ತು. ನಾನೂ ಮುಚ್ಚಿದೆ. ಮೆಷಿನ್ನೇ ಇದ್ದಮೇಲೆ ಫ್ಯಾನ್ ಯಾಕೆ, ಅದನ್ನೂ ಒಳಗಿಟ್ಟೆ. ಅಕ್ಕ ಸ್ಯಾಂಡರ್ ಹಿಡಿದಳು, ನಾನು ಅಂಚಿಗೆ ಉಪ್ಪುಕಾಗದ ಉಜ್ಜಿದೆ. ಭಾವನ ಗೊರಕೆ, ಅಕ್ಕನ ಮಗಳ ಅತ್ತೆಯ ಗತ್ತು, ಮಾತಿನಲ್ಲಿ ಎಲ್ಲ ಬಂದು ಹೋದವು. ಮೊದಲಿನ ಹಾಗೇ.

ಹನ್ನೊಂದರ ಸುಮಾರಿಗೆ ಬಿಸಿಲು ಕಿಟಕಿ ಗಾಜಿಗೆ ಬಂತು. ಒಳಗೆ ಓರೆಯಾಗಿ ಒಂದು ಬೆಳಕಿನ ಕೋಲು ಬಿತ್ತು. ಆ ಕೋಲಿನಲ್ಲಿ ಧೂಳು. ನೆಲಕ್ಕೆ ಬೀಳದ ಧೂಳು—ಹಿಟ್ಟಿನ ಹಾಗೆ, ನಿಂತೇ ಇತ್ತು. ಮೇಲಿನ ಚೀಲ ಉಸಿರು ಬಿಟ್ಟ ಹಾಗೆ ಸುತ್ತಲೂ ಕಾರುತ್ತಿತ್ತು.

ಅಕ್ಕ ಹಲಗೆಯ ಮೇಲೆ ಬಗ್ಗಿದ್ದಳು.

ಹೋಗಿ ಪರದೆ ಎಳೆದೆ.

"ಯಾಕೇ?"

"ಬಿಸಿಲು ಕಣ್ಣಿಗೆ ಹೊಡೀತಿದೆ."

ಅರ್ಧ ಹಲಗೆ ಮುಗಿಯಿತು. ಮೂರಕ್ಕೆ ಹೋದಳು. ಗೇಟಿನ ಹತ್ತಿರ ನಿಂತು ಕೆಮ್ಮಿದಳು, ಸುಮಾರು ಹೊತ್ತು.

ಶನಿವಾರ, ಮಾರ್ಚ್ 21

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಳು. ಹೇಳಿದ್ದು ಭಾವ. ಸೇರಿಸಿದ್ದು ಸೋಮವಾರ. ಅದನ್ನೂ ಇವತ್ತೇ ಹೇಳಿದ್ದು. "ನಿನಗೆ ಹೇಳಬೇಡ ಅಂದಿದ್ಲು."

"ಜೊತೆಗೆ ಯಾರಿದ್ರು?"

"ಹಗಲು ನಾನು. ಸಂಜೆ ಡೆಂಟಿಸ್ಟಮ್ಮ ಕ್ಲಿನಿಕ್ ಮುಗಿಸಿ ಬರೋರು."

ಮೊದಲು ಉರಿದದ್ದು ಈ ಮಾತಿಗೆ. ಅಕ್ಕನಿಗೆ ಉಸಿರು ಕಟ್ಟಿದ್ದಕ್ಕೆ ಅಲ್ಲ. ಸುಳ್ಳು ಯಾಕೆ ಬರೀಲಿ.

ಆಮೇಲೆ ಇವರ ಹತ್ತಿರ ಪರದೆ ವಿಷಯ ಹೇಳಿದೆ. ಪೇಪರ್ ಮಡಿಸಿಟ್ಟರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಅದರ ಹೊಟ್ಟೆಗೆ ಹೋಗುತ್ತೆ, ನೀನು ಕಣ್ಣು ಮುಚ್ಚಿದ್ದು ಅವಳ ಎದೆಗೆ ಹೋಯ್ತು, ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ.

ಮಂಗಳವಾರ, ಮಾರ್ಚ್ 24

ಅಕ್ಕನ ಮನೆ. ದಿಂಬಿಗೆ ಒರಗಿ ಕೂತಿದ್ದಳು. ಮಾತು ತುಂಡು ತುಂಡು.

"ಅಕ್ಕ, ಅವತ್ತು ಪರದೆ..."

"ಗೊತ್ತು."

"ನೋಡಿದ್ಯಾ?"

"ನಿನಗಿಂತ ಮೊದಲೇ. ನೀನು ಮದುವೆ ಮನೇಲಿ ಓಡಾಡೋ ಥರ ಓಡಾಡ್ತಿದ್ದೆ. ಹೇಗೆ ಹೇಳ್ಲಿ? ನಂದೂ ತಪ್ಪೇ ಬಿಡು."

"ಡೆಂಟಿಸ್ಟಮ್ಮ ಆಗಿದ್ರೆ ಹೇಳ್ತಿದ್ಯಾ?"

ಯೋಚನೆ ಮಾಡಿದಳು. "ಹೇಳ್ತಿದ್ದೆ. ಅವರು ಬೇಜಾರು ಮಾಡ್ಕೊಂಡ್ರೆ ನನಗೇನು."

ಇಷ್ಟು ದಿನ ಬೇಕಿದ್ದ ಮಾತು ಇದೇ. ಸಿಕ್ಕಿತು. ಎದುರಿಗೆ ಅವಳು ಬಾಯಿಗೆ ಔಷಧಿ ಹೊಡೆದುಕೊಂಡು ಉಸಿರು ಹಿಡಿದಿದ್ದಳು. ಎಲ್ಲಿಡಲಿ ಅದನ್ನ.

ಡಾಕ್ಟರು ಹೇಳಿದ್ದು, ಭಾವನ ಪ್ರಕಾರ: ಇನ್ನು ಮರದ ಕೆಲಸ ಇಲ್ಲ. ಯಾರ ಶೆಡ್ಡಿನಲ್ಲೂ ಇಲ್ಲ, ಯಾವ ಮೆಷಿನ್ ಇದ್ದರೂ ಇಲ್ಲ.

ಗುರುವಾರ, ಮಾರ್ಚ್ 26

ನಾನೇ ಫೋನ್ ಮಾಡಿ ಕರೆದೆ. ಡೆಂಟಿಸ್ಟಮ್ಮ ಕ್ಲಿನಿಕ್ಕಿಗೆ ಹೋಗೋ ಮುಂಚೆ ಬಂದರು. ಮೇಲಿನ ಚೀಲಕ್ಕೆ ಬೆರಳು ಒರೆಸಿ ನೋಡಿದರು. ಬೆರಳ ತುದಿ ಬೆಳ್ಳಗಾಯಿತು.

"ಎಳೆಯೋ ಶಕ್ತಿ ಜೋರಾಗಿದೆ. ಎಳೆದದ್ದನ್ನ ಇಟ್ಕೊಳ್ಳೋಕೆ ಬರಲ್ಲ ಇದಕ್ಕೆ. ಫಿಲ್ಟರ್ ಹಾಕೋವರೆಗೂ ಚಾಲು ಮಾಡ್ಬೇಡಿ. ನಿಮಗೂ ಎರಡು ಶ್ವಾಸಕೋಶ ಇದೆಯಲ್ಲ."

ಫಿಲ್ಟರಿಗೆ ಹೇಳಿದ್ದೀನಿ, ಏಪ್ರಿಲ್ ಮಧ್ಯಕ್ಕೆ ಬರುತ್ತೆ ಅಂದೆ. ಅಕ್ಕನ ಮಗಳ ಗೃಹಪ್ರವೇಶ ಅದಕ್ಕೂ ಮುಂಚೆ.

ಹಲಗೆಯ ಜೋಡಣೆ ಮೇಲೆ ಕೈಯಾಡಿಸಿದರು. ಎಲ್ಲಿ ಸೇರಿದೆ ಅಂತ ಹುಡುಕಿದರು, ಸಿಗಲಿಲ್ಲ. "ನಮ್ಮ ತಂಗಿ ಕೂಡಿಸಿದ್ರೆ ಗೆರೆ ಕಾಣಲ್ಲ, ನಮ್ಮ ತಂಗಿ ಕೊಯ್ದರೆ ಕೂದಲೆಳೆ ತಪ್ಪಲ್ಲ ಅಂತ ನಿಮ್ಮಕ್ಕ ಹೇಳಿ ಹೇಳಿ ನನ್ನ ತಲೆ ತಿಂದಿದಾರೆ. ನಾನು ಮಾಡಿದ ಸ್ಟೂಲ್ ನೋಡಿ, ಪರವಾಗಿಲ್ಲ ಅಂದ್ರು, ಅಷ್ಟೆ." ನಗಲಿಲ್ಲ ಅವರು. ಮುಖ ಸ್ವಲ್ಪ ಗಂಟಾಗಿತ್ತು. ಆ ಗಂಟಿನ ಗುರುತು ನನಗಿದೆ. ಒಂದು ತಿಂಗಳಿಂದ ಕನ್ನಡಿಯಲ್ಲಿ ನೋಡ್ತಾ ಇದ್ದೀನಿ.

ಟೀ ಕೊಟ್ಟೆ. ಕುಡಿದರು. ಅಕ್ಕ ಬೆಳಿಗ್ಗೆ ಇಬ್ಬರಿಗೂ ಫೋನ್ ಮಾಡಿದ್ದಳು. ಯಾರಿಗೆ ಮೊದಲು ಅನ್ನೋದು ಇಬ್ಬರೂ ಕೇಳಲಿಲ್ಲ. ನನಗೆ.

ಭಾನುವಾರ ಎಂಟಕ್ಕೆ ವ್ಯಾನ್ ಬರುತ್ತೆ. ಹಲಗೆ ಡೆಂಟಿಸ್ಟಮ್ಮನ ಶೆಡ್ಡಿಗೆ ಹೋಗುತ್ತೆ. ಉಳಿದ ಅರ್ಧ ಉಜ್ಜೋದು ಅವರು ಮತ್ತು ನಾನು. ಅಕ್ಕ ಬರೋ ಹಾಗಿಲ್ಲ.