ಕಣ್ಣಾರೆ ಕಂಡ ಮಾವ

ಬೆಳಗೋಡು,
ಬುಧವಾರ

ಮಗಳೇ ಧನುಶ್ರೀ,

ನೀನು ಲಾ ಕಾಲೇಜು ಸೇರಿದ್ದಕ್ಕೆ ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಿದೆ. ಏಳನೇ ಕ್ಲಾಸಿಗೇ ಓದು ಬಿಟ್ಟ ಮಾವ ಬುದ್ಧಿ ಹೇಳುತ್ತಾನೆ, ನಗಬೇಡ. ಸಾಕ್ಷಿ ಎಷ್ಟೇ ಜೋರಾಗಿ ಮಾತಾಡಲಿ, ಮೊದಲು ‘ಆಗ ನೀನು ಎಲ್ಲಿದ್ದೆ?’ ಅಂತ ಕೇಳು.

ಬೇಲಿಯ ಕರೆಂಟಿಗೆ ಆನೆ ಸತ್ತಿತಲ್ಲ, ಅದೇ ಹೋಟೆಲಿನಲ್ಲಿ ನಾನು, ‘ಆವತ್ತು ಸಾಯಂಕಾಲ ಏಕಾಂತಯ್ಯ ಬೇಲಿಗೆ ಕರೆಂಟ್ ತಂತಿ ಕಟ್ಟಿದ್ದನ್ನ ಕಣ್ಣಾರೆ ಕಂಡೆ ಕಣ್ರೋ’ ಅಂದುಬಿಟ್ಟೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು, ನನಗೂ ಉಮೇದು ಬಂತು. ಫಾರೆಸ್ಟ್ ಗಾರ್ಡ್ ಬಂದಾಗ ಅದನ್ನೇ ಬರೆಸಿ ಸಹಿಯನ್ನೂ ಹಾಕಿದೆ. ಏಕಾಂತಯ್ಯ ಈಗ ಜೈಲಿನಲ್ಲಿದ್ದಾನೆ. ಅವನ ಹೆಂಡತಿ ಬಸಮ್ಮ ನನ್ನನ್ನು ಬೈಯಲಿಲ್ಲ. ‘ನೀವು ಕಂಡಿದ್ರೆ ನಿಜವೇ ಇರ್ಬೇಕು ಬಿಡಣ್ಣ, ನೀವ್ಯಾಕೆ ಸುಳ್ಳು ಹೇಳ್ತೀರಿ’ ಅಂದಳು.

ಆ ಸಾಯಂಕಾಲ ನಾನು ಆಲೂರಿನಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದೆ. ಡಾಕ್ಟರ ಚೀಟಿ ಐತೆ.

ಸೋಮವಾರ ಕೋರ್ಟಿನಲ್ಲಿ ನನ್ನ ಹೆಸರು ಕೂಗುತ್ತಾರೆ. ನಿಜ ಹೇಳಿದರೆ ನನ್ನನ್ನೇ ಒಳಗೆ ಹಾಕುತ್ತಾರಾ, ನಿನ್ನ ಮೇಷ್ಟ್ರನ್ನು ಕೇಳು. ಹಾಕಿದರೂ ಹೇಳುತ್ತೇನೆ. ನೀನು ಮಾತ್ರ ಬಂದು ನನಗೆ ಕಾಣುವ ಹಾಗೆ ಕೂತುಕೋ. ನಾಲ್ಕು ಜನ ನೋಡಿದರೆ ಈ ಬಾಯಿ ನನ್ನ ಮಾತು ಕೇಳುವುದಿಲ್ಲ. ಕಥೆ ಕಟ್ಟಲು ಶುರುಮಾಡಿದೆ ಅನ್ನಿಸಿದರೆ ಜೋರಾಗಿ ಕೆಮ್ಮು.

ನಿನ್ನ ದಾರಿ ಕಾಯುವ ಸೋದರಮಾವ,
ರಂಗಸ್ವಾಮಿ