ಟೈಲರ್ ಮಾವನ ಹಳೇ ಕಾರ್ಡು

ಮನೆ, ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ತಮ್ಮಾ,

ಮೊದಲು ಲೆಕ್ಕ, ಆಮೇಲೆ ಕ್ಷೇಮಸಮಾಚಾರ. ನೀನು ಕ್ಲಿನಿಕ್ ಮುಚ್ಚಿ ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದರಿಂದ ಇಲ್ಲಿಯವರೆಗೆ ಹೋದದ್ದು: ಹದಿನೆಂಟು ವರ್ಷದ ಬೋರ್ಡು, ಆರು ಕುರ್ಚಿ, ನನ್ನ ಕೌಂಟರು, ಒಬ್ಬ ಮನುಷ್ಯ. ಈಗ ಹೇಳು, ನಿನ್ನ ಬಿಪಿ ಹೇಗಿದೆ? ಉಪ್ಪು ಕಡಿಮೆ ಮಾಡಿದ್ದೀಯಾ, ಇಲ್ಲ ಉಪದೇಶವೆಲ್ಲ ಬೇರೆಯವರಿಗೆ ಮಾತ್ರವಾ?

ಸೇರು ಎಂದವಳೂ ನಾನೇ, ಮರೆತಿಲ್ಲ. ಬಾಡಿಗೆ ಏರಿತ್ತು, ಊಟಕ್ಕೆ ಕೂತರೂ ಜನ ಬಾಗಿಲು ಬಡಿಯುತ್ತಿದ್ದರು, ಒಂದು ದಿನ ನೀನು ರೋಗಿಯ ಎದುರೇ ಕುಸಿದು ಬಿದ್ದೆ. "ಸಾಕಪ್ಪಾ, ನೀನೂ ಮನುಷ್ಯನೇ ಅಲ್ವಾ" ಅಂದೆ. ಆಸ್ಪತ್ರೆಯವರು ನಿನ್ನನ್ನು ಕರೆದುಕೊಂಡರು, ನನ್ನ ಜಾಗಕ್ಕೆ ಕಂಪ್ಯೂಟರಿದೆ ಎಂದರು. ಇರಲಿ, ಅದು ನನ್ನಷ್ಟು ಮಾತಾಡುವುದಿಲ್ಲ. ಆದರೆ ನಿನ್ನ ಮುಂದೆ ಮುಚ್ಚಿಡುತ್ತಿದ್ದುದನ್ನೆಲ್ಲ ಜನ ನನ್ನ ಕೌಂಟರಿನಲ್ಲಿ ಉದುರಿಸುತ್ತಿದ್ದರು. ಎದುರು ಬೀದಿಯ ಟೈಲರ್ ಮಾವನನ್ನೇ ನೋಡು. ನಿನ್ನ ಹತ್ತಿರ "ಏನಿಲ್ಲ ಡಾಕ್ಟ್ರೇ, ಒಂಚೂರು ಗ್ಯಾಸು". ನನ್ನ ಹತ್ತಿರ "ಎದೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಂಗಾಗುತ್ತಮ್ಮಾ, ಅವ್ರಿಗೆ ಹೇಳ್ಬೇಡ". ನಾನು ಅವರ ಚೀಟಿಯ ಮೂಲೆ ಮಡಿಸಿ ಒಳಗೆ ಕಳಿಸುತ್ತಿದ್ದೆ. ಮಡಿಸಿದ ಚೀಟಿ ಕಂಡರೆ ನೀನು ಗೊಣಗುತ್ತಲೇ ಇಸಿಜಿ ತೆಗೆಯುತ್ತಿದ್ದೆ. ಎರಡು ಸಲ ಹಾಗೆಯೇ ಉಳಿದುಕೊಂಡರು.

ಹೋದ ಸೋಮವಾರ ಅವರು ನಿನ್ನನ್ನೇ ಹುಡುಕಿಕೊಂಡು ಆಸ್ಪತ್ರೆಗೆ ಬಂದರು. ಒಬ್ಬರಿಗೆ ಎಂಟು ನಿಮಿಷ, ಹೊರಗೆ ಮೂವತ್ತು ಜನ. ಅವರು ಗ್ಯಾಸು ಎಂದರು, ನೀನು ಗ್ಯಾಸಿಗೆ ಬರೆದುಕೊಟ್ಟೆ. ಮಾತ್ರೆಯ ಸಾಲಿನಲ್ಲಿ ನಿಂತಲ್ಲೇ ಬಿದ್ದರು, ಮತ್ತೆ ಏಳಲಿಲ್ಲ. ನಿನಗೆ ನೆನಪಾಗಬೇಕಿತ್ತು ಕಣೋ. ಬೈಯಲು ಮನಸ್ಸಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು.

ಬೈದರೂ ನಿನ್ನವಳೇ ಆದ,
ಅಕ್ಕ

ಇನ್ನೊಂದು ಮಾತು: ನಿಮ್ಮ ಆಸ್ಪತ್ರೆಯ ಆಫೀಸಿನವನು ನಿನ್ನೆ ಬಂದಿದ್ದ. 'ಹಿಂದೆ ಎದೆನೋವು ಇದ್ದ ದಾಖಲೆಯಿಲ್ಲ' ಎಂದು ಮಾವನ ಹೆಂಡತಿಗೆ ಬರೆದುಕೊಟ್ಟಿದ್ದಾರಂತೆ. ನೀನು ಸೇರುವಾಗ ಆಸ್ಪತ್ರೆಯವರೇ ಬೇಡವೆಂದಿದ್ದ ನಮ್ಮ ಕ್ಲಿನಿಕ್ಕಿನ ಹಳೇ ಕಾರ್ಡುಗಳಲ್ಲಿ ಮಾವನದು ಈಗ ಬೇಕಂತೆ. "ನಿಮ್ಮ ತಮ್ಮನ ಕೆಲ್ಸ ಉಳೀಬೇಕಲ್ವಾ ಅಕ್ಕಾ?" ಅಂದ. ಎರಡೂ ಇಸಿಜಿ ಅದರಲ್ಲಿವೆ. 'ನೋವು ಮುಚ್ಚಿಡುತ್ತಾರೆ' ಎಂದು ನೀನೇ ಬರೆದದ್ದೂ ಇದೆ. ಹುಡುಕಿ ಇಡುತ್ತೇನೆಂದು ಅವನನ್ನು ಸಾಗಹಾಕಿ, ಕಾರ್ಡನ್ನು ಮಾವನ ಹೆಂಡತಿಯ ಕೈಗೇ ಕೊಟ್ಟು ಬಂದೆ. ಯಾರಾದರೂ ಕೇಳಿದರೆ 'ಹೌದು, ನನ್ನದೇ ಅಕ್ಷರ' ಎಂದು ಒಪ್ಪಿಕೋ, ಸುಳ್ಳು ಹೇಳಬೇಡ. ಆಸ್ಪತ್ರೆಗೆ ನಮ್ಮ ರೋಗಿಗಳು ಸಿಕ್ಕರು. ನಿನಗೆ ಸಂಬಳ ಸಿಕ್ಕಿತು, ಎಷ್ಟು ದಿನಕ್ಕೋ ಗೊತ್ತಿಲ್ಲ. ನನಗೆ ಬಿಡುವು. ಆ ಹೆಂಗಸಿಗೆ ಒಂದು ಕಾರ್ಡು.